ಗರುಡನ ಮೇಲೆ ಬೀಸಿದ ಕಲ್ಲು

ಹೋಳೂರು ಕೆರೆ ಏರಿಯಲ್ಲಿ ನಿಂತು ನಾನು ಬೀಸಿದ ಕವಣೆಕಲ್ಲು ಮುಳಬಾಗಿಲ ಬೆಟ್ಟದ ಮೇಲೆ ಹಾರುತ್ತಿದ್ದ ಗರುಡನ ಎಡಗಣ್ಣಿಗೇ ತಾಗಿತು. ಅದು ಬಿದ್ದ ಸದ್ದಿಗೆ, ಜರ್ಮನಿಯವರ ವಿಮಾನವೇ ಬಿತ್ತೆಂದು ಕೋಲಾರದ ಕಚೇರಿಗಳಿಗೆ ಅರ್ಧ ದಿನ ರಜೆ ಕೊಟ್ಟರು. ಯುದ್ಧ ಶುರುವಾದ ಮರುವರ್ಷದ ಮಾತು.

"ರಜಾ ಕೊಟ್ಟಿದ್ದು ಇರ್ಲಿ," ಅಂದ ಅರಳಿಕಟ್ಟೆಯಲ್ಲಿ ಪಕ್ಕ ಕೂತಿದ್ದ ಆವಲಪ್ಪ. "ಗರುಡನಿಗೇ ಕಲ್ಲು ಬೀಸೋವಷ್ಟು ಅದೇನಪ್ಪಾ ಮಾಡಿತ್ತು ನಿಂಗೆ?"

ಏನು ಮಾಡಿತ್ತೇ! ಮಗಳಿಗೆ ಸಿಡುಬಿನಮ್ಮ ಎದ್ದಾಗ ಗಂಗಮ್ಮನಿಗೆ ಕೆಂಪು ಹುಂಜ ಕೊಡುತ್ತೇವೆಂದು ಹರಕೆ ಹೊತ್ತಿದ್ದೆವು. ಇಡೀ ಊರಲ್ಲಿ ಕೆಂಪಗೆ ಹುಟ್ಟಿದ್ದು ಒಂದೇ ಮರಿ. ನನ್ನ ಹೆಂಡತಿ ಅಶ್ವತ್ಥಮ್ಮ ಅದನ್ನು ಮಡಿಲಲ್ಲಿಟ್ಟು ಸಾಕಿದಳು. ಮಗಳು ಎದ್ದು ಓಡಾಡಿದಳು. ಮರಿಯನ್ನು ಗರುಡ ಹೊತ್ತೊಯ್ದಿತು.

"ಅಮ್ಮನಿಗೆ ಏನಂತ ಹೇಳ್ಲಿ? ಮತ್ತೆ ಮಗೀನ ಮೈಮೇಲೆ ಬಂದ್ರೆ?" ಅಂತ ಅಶ್ವತ್ಥಮ್ಮ ಅತ್ತಳು.

ಕಪ್ಪು ಹದ್ದಾಗಿದ್ದರೆ ಹೊಡೆದು ತಿಪ್ಪೆಗೆ ಎಸೆಯಬಹುದು. ಇದು ಬಿಳಿ ಎದೆ, ಬೆಲ್ಲದ ಬಣ್ಣದ ರೆಕ್ಕೆಯ ಗರುಡ, ವಿಷ್ಣುವಿನ ವಾಹನ. ಇರಲಿ! "ಅದರ ರೆಕ್ಕೆ ಕಿತ್ತು ಗಂಗಮ್ಮನ ಗುಡಿಗೆ ಪೊರಕೆ ಕಟ್ತೀನಿ ನೋಡೇ," ಅಂದೆ. ಹದಿನೆಂಟು ದಿನ ಅನ್ನ ಮುಟ್ಟದೆ ಏರಿ ಮೇಲೆ ಕಾದೆ.

ಕಟ್ಟೆಯ ಮುಂದೆ ನೀರು ಹೊತ್ತು ಹೋಗುತ್ತಿದ್ದ ಅಶ್ವತ್ಥಮ್ಮ ಇದು ಕೇಳಿ ಅಲ್ಲೇ ನಿಂತಳು. "ಅನ್ನ ಮುಟ್ಟದೆ! ಹೊತ್ತಿಗೆ ಮೂರು ಮುದ್ದೆ ಇಳಿಸಿದ್ದು ಯಾರು? ಏರಿ ಮೇಲೆ ನಾನೂ ಇದ್ದೆ. ನೀವು ಹೇಳ್ತೀರೋ, ನಾನೇ ಹೇಳ್ಲೋ ಆವಲಪ್ಪಣ್ಣಂಗೆ?"

ಆವಲಪ್ಪ ಹಲ್ಲು ಬಿಟ್ಟ. "ಹೇಳ್ಬಿಡಪ್ಪಾ, ಸಾಕು."

ಸರಿ, ನಿಜ ಹೇಳುತ್ತೇನೆ. ಗರುಡ ಬಂತು. ಕೆರೆಯೊಳಗಿನ ಒಣಜಾಲಿಯಿಂದ ಎದ್ದು ನೇರ ನನ್ನ ತಲೆಯ ಮೇಲೆ, ತೆಂಗಿನಮರದ ಎತ್ತರವೂ ಇಲ್ಲ. ಕವಣೆ ಆಗಲೇ ಎರಡು ಸುತ್ತು ತಿರುಗಿತ್ತು. ಕೊಲ್ಲಲೆಂದೇ ಹಲ್ಲು ಕಚ್ಚಿ ನಿಂತಿದ್ದೆ, ಅದು ಸುಳ್ಳಲ್ಲ. ಆ ಬಿಳಿ ಎದೆ ಕಂಡದ್ದೇ ತಡ, ನಡೆಯಲು ಬರುವ ಮೊದಲೇ ನಮ್ಮಜ್ಜಿ ಕಲಿಸಿದ್ದು, ಕೈ ಎರಡೂ ತಾವಾಗಿ ಮೇಲೆದ್ದು ಮುಗಿದವು. ಬಾಯಿ "ಕೃಷ್ಣ ಕೃಷ್ಣ" ಅಂತು. ಬೆರಳು ಕೆನ್ನೆ ತಟ್ಟಿಕೊಂಡವು. ಕಲ್ಲು ಎಲ್ಲೋ ನೀರಿಗೆ ಬಿತ್ತು.

ತಿರುಗಿ ನೋಡಿದೆ. ಅಶ್ವತ್ಥಮ್ಮ ಆಕಾಶಕ್ಕೆ ಮುಖ ಮಾಡಿ, ಹಕ್ಕಿಯ ವಂಶ ನಿರ್ವಂಶವಾಗಲೆಂದು ಶಪಿಸುತ್ತ, ಕೈ ಮುಗಿದು ನಿಂತಿದ್ದಳು.