ಹೊಳೆ ಕಾಣುವ ಕೋಣೆ

ಕ್ಲೈವ್‌ನ ಸೂಟ್‌ಕೇಸು ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಮೆಟ್ಟಿಲುಗಳು ಏಣಿಯ ಹಾಗೆ ಕಡಿದಾಗಿದ್ದವು. ಹಿಡಿದುಕೊಳ್ಳಲು ಕಂಬಿಯ ಬದಲು ದಪ್ಪನೆಯ ಹಗ್ಗ. ಅವನ ಹಿಂದೆ ರೋನಾ ಗೋಡೆಗೊರಗಿ ಮಂಡಿ ಹಿಡಿದುಕೊಂಡು ನಿಂತಿದ್ದಳು. ಏವ್ರಿಲ್ ಆಗಲೇ ಮೇಲೆ ತಲುಪಿದ್ದಳು.

“ಸ್ವಲ್ಪ ಓರೆ ಮಾಡಿ ಎತ್ತಿ,” ಎಂದು ಕೂಗಿದಳು.

“ಸೂಟ್‌ಕೇಸನ್ನೋ, ನಿಮ್ಮ ತಂಗೀನೋ?” ಎಂದ ಕ್ಲೈವ್. “ಹೋಟೆಲ್ಲು ಅಂದ್ರಿ. ಇದು ಪಾರಿವಾಳದ ಗೂಡು ಕಣ್ರೀ.”

ಏವ್ರಿಲ್ ಹಲ್ಲು ಕಚ್ಚಿಕೊಂಡಳು. ಪ್ರತಿವರ್ಷ ಅಕ್ಟೋಬರಿನಲ್ಲಿ ಅಕ್ಕತಂಗಿಯರು ತಮ್ಮೂರು ಹ್ಯಾಲಿಫ್ಯಾಕ್ಸ್ ಬಿಟ್ಟು ನಾಲ್ಕು ದಿನ ಎಲ್ಲಾದರೂ ಹೋಗುತ್ತಿದ್ದರು. ಬೊಲೊನ್ಯಾ, ಟಾಲಿನ್, ಪೋರ್ಟೊ, ಯಾವ ಊರಾದರೂ ಸರಿ, ಹೋಟೆಲ್ಲು ಹುಡುಕುವ ಕೆಲಸ ಏವ್ರಿಲ್‌ಳದ್ದೇ. ಟ್ಯಾಕ್ಸಿ ಆಫೀಸಿನಲ್ಲಿ ಫೋನು ಎತ್ತುವ ಕೆಲಸದ ನಡುವೆ ಜನವರಿಯಿಂದಲೇ ಶುರು ಮಾಡುತ್ತಿದ್ದಳು. ನಕ್ಷೆಯಲ್ಲಿ ಸಂತೆಯ ಚೌಕ ಹಿಡಿದು, ಅದರ ಬೆನ್ನಿಗಿರುವ ಗಲ್ಲಿಗಳನ್ನು ಒಂದೊಂದಾಗಿ ಜಾಲಾಡುವುದು. ಮನೆಯವರೇ ನಡೆಸುವ ಏಳೆಂಟು ಕೋಣೆಗಳ ಜಾಗ ಸಿಕ್ಕರೆ ನೇರ ಯಜಮಾನರಿಗೇ ಫೋನು ಹಚ್ಚಿ, ಕಿಟಕಿ ತೆರೆದರೆ ಏನು ಕಾಣುತ್ತದೆ ಎಂದು ಕೇಳುವುದು. ದೊಡ್ಡ ಹೋಟೆಲಿನವರು ಕೇಳುವುದರಲ್ಲಿ ಅರ್ಧ ಕೊಟ್ಟು ಊರಿನ ಹೊಕ್ಕುಳಲ್ಲಿ ಮಲಗುವುದೆಂದರೆ ಅವಳಿಗೆ ಗೆದ್ದ ಹಾಗೆ. ವರ್ಷವಿಡೀ ಬೇರೆ ಯಾವುದರಲ್ಲೂ ಅವಳು ಗೆಲ್ಲುತ್ತಿರಲಿಲ್ಲ.

ಈ ವಸಂತದಲ್ಲಿ ರೋನಾ ಕ್ಲೈವ್‌ನನ್ನು ಮದುವೆಯಾದಳು. ಅಡುಗೆಮನೆಯ ಕಪಾಟು ಮಾರುವ ಗಂಡಸು, ಜೋರು ಗಂಟಲು. ಈ ಸಲ ಗೊತ್ತುಮಾಡಿದ್ದ ಊರು ಗೆಂಟ್‌ಗೆ ತಾನೂ ಬರುತ್ತೇನೆಂದ. ರೈಲಿನಲ್ಲಿ ಕೂತ ಗಳಿಗೆಯಿಂದ ಆ ಹೋಟೆಲ್ಲಿನ ಬಗ್ಗೆ ಯಾರ್ಯಾರೋ ಬರೆದ ದೂರುಗಳನ್ನು ಫೋನಿನಲ್ಲಿ ಹುಡುಕಿ ಹುಡುಕಿ, ಡಬ್ಬಿಯವರಿಗೆಲ್ಲ ಕೇಳುವಂತೆ ಓದಿದ. “‘ಯಜಮಾನಿ ನಗುವುದೇ ಇಲ್ಲ.’ ಕೇಳಿಸ್ತಾ ರೋನಾ? ನಿಮ್ಮಕ್ಕನಿಗೆ ಸರಿಯಾದ ಜೋಡಿ.” ರೋನಾ ನಕ್ಕಳು. ಕ್ಲೈವ್ ಅಂದದ್ದಕ್ಕಿಂತ ಆ ನಗು ಏವ್ರಿಲ್‌ಗೆ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಏವ್ರಿಲ್ ತಿಂಡಿಗೆ ಇಳಿದಾಗ ಇಬ್ಬರೂ ಕೋಟು ತೊಟ್ಟು ಕೂತಿದ್ದರು. ಸೂಟ್‌ಕೇಸುಗಳು ಬಾಗಿಲ ಬಳಿ ನಿಂತಿದ್ದವು.

“ವರ್ತುಲ ರಸ್ತೆ ಹತ್ರ ಒಂದು ದೊಡ್ಡ ಹೋಟೆಲ್ಲಿದೆ. ರೂಮ್ ಹಿಡಿದಿದೀನಿ,” ಎಂದ ಕ್ಲೈವ್, ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತಾ. “ಲಿಫ್ಟ್ ಅಂತ ಒಂದು ವಸ್ತು ಇದೆ ಅಲ್ಲಿ. ಗುಂಡಿ ಒತ್ತಿದ್ರೆ ಮೇಲೆ ಹೋಗತ್ತೆ.”

“ಅಲ್ಲಿಂದ ಊರಿಗೆ ಬರೋಕೇ ಅರ್ಧ ದಿನ ಬೇಕು,” ಎಂದಳು ಏವ್ರಿಲ್. “ರೋನಾ, ನೀನೂ ಹೋಗ್ತೀಯಾ?”

ರೋನಾ ತಟ್ಟೆಯಿಂದ ತಲೆ ಎತ್ತಲಿಲ್ಲ. “ರಾತ್ರಿಯೆಲ್ಲಾ ನಿದ್ದೆ ಇಲ್ಲ ಅಕ್ಕ. ಮಂಡಿ ಕುಂಬಳಕಾಯಿ ಆಗಿದೆ. ಮೆಟ್ಟಿಲು ಇದೆಯಾ ಅಂತ ನಾನು ಕೇಳಿದ್ದೆ. ‘ಒಂದಷ್ಟಿವೆ’ ಅಂದೆ ನೀನು.”

“ಹಳೇ ಮನೆಗಳು ಇರೋದೇ ಹಾಗೆ. ಕೆಳಗಡೆ ಕೋಣೆ ಇರಲಿಲ್ಲ, ಏನು ಮಾಡೋಕಾಗತ್ತೆ?”

ಕಾಫಿ ಬಗ್ಗಿಸುತ್ತಿದ್ದ ಯಜಮಾನಿ ಮಾರ್ಲೀನ್ ಅಲ್ಲೇ ಕೈ ನಿಲ್ಲಿಸಿದಳು. ಅರವತ್ತು ದಾಟಿದ ದಪ್ಪ ಮೂಳೆಯ ಹೆಂಗಸು. ದೂರಿನಲ್ಲಿ ಬರೆದಿದ್ದಂತೆ ನಗು ಅವಳ ಮುಖದ ಹತ್ತಿರವೂ ಸುಳಿದಿರಲಿಲ್ಲ.

“ಇರಲಿಲ್ಲ ಅಂತ ಯಾರಂದ್ರು?” ಎಂದಳು. “ನಾನೇ ಫೋನಲ್ಲಿ ಹೇಳಿದೀನಿ. ಮೂರು ಮಹಡಿ, ಲಿಫ್ಟಿಲ್ಲ, ಕೆಳಗೆ ಒಂದು ಕೋಣೆ ಖಾಲಿ ಇದೆ, ತಗೊಳ್ಳಿ ಅಂದೆ. ಅದರ ಕಿಟಕಿಗೆ ಹಿತ್ತಲಿನ ಕಸದ ಡಬ್ಬಿ ಕಾಣತ್ತೆ ಅಂದಿದ್ದಕ್ಕೆ ನೀವು ಬೇಡ ಅಂದ್ರಿ. ಹೊಳೆ ಕಾಣೋದೇ ಬೇಕು, ಎರಡೂ ಕೋಣೆ ಮೇಲೇ ಇರ್ಲಿ ಅಂದ್ರಿ. ನನ್ನ ಮನೆ ಮೇಲೆ ಸುಳ್ಳು ಹೇಳ್ಬೇಡಿ.”

ಕ್ಲೈವ್ ಮೆಲ್ಲಗೆ ಚಪ್ಪಾಳೆ ತಟ್ಟಿದ. ಏವ್ರಿಲ್‌ಳ ಕಿವಿ ಬೆಂಕಿಯಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು; ಬಂದದ್ದು ಇಷ್ಟೇ: “ಹೋಗೋರು ಹೋಗಿ. ಯಾರೂ ಹಿಡ್ಕೊಂಡಿಲ್ಲ.”

“ಕೆಳಗೆ ಕೋಣೆ ಇದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು,” ಎಂದಳು ರೋನಾ. ಗಂಡನ ತೋಳು ಹಿಡಿದು ಕುಂಟುತ್ತಾ ಹೊರಟುಹೋದಳು. ಖಾಲಿಯಾದ ಕೋಣೆಗೂ ಪೂರ್ತಿ ಬಾಡಿಗೆ ಹಿಡಿಯುವೆನೆಂದು ಮಾರ್ಲೀನ್ ಅವರ ಬೆನ್ನಿಗೆ ಕೂಗಿ ಹೇಳಿದಳು.

ಆ ದಿನವೆಲ್ಲ ಏವ್ರಿಲ್ ಒಬ್ಬಳೇ ತಿರುಗಿದಳು. ಕೋಟೆ ನೋಡಿದಳು, ಸಂತೆಯಲ್ಲಿ ಬೇಡದ ಚೀಸು ಕೊಂಡಳು, ಹೊಳೆಯ ದಂಡೆಯಲ್ಲಿ ಕೂತು ಕ್ಲೈವ್‌ಗೆ ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿ ಮುಗಿಸಿದಳು. ರೋನಾಗೆ ಹೇಳಲು ಮಾತ್ರ ಏನೂ ಹೊಳೆಯಲಿಲ್ಲ. ಕೋಣೆಗೆ ಬಂದು ಕಿಟಕಿ ತೆರೆದರೆ ನೀರು, ದೋಣಿ, ಎದುರು ದಂಡೆಯ ಮೆಟ್ಟಿಲು ಮೆಟ್ಟಿಲಾಗಿ ಚೂಪಾಗುವ ನೆತ್ತಿಯ ಮನೆಗಳು, ಎಲ್ಲ ಕೇಳಿದ ಹಾಗೆಯೇ ಇದ್ದವು. ಐದು ನಿಮಿಷ ನೋಡಿ ಪರದೆ ಎಳೆದಳು.

ಅದರ ಮಾರನೆಯ ದಿನ ಮುಷ್ಕರ. ಮಧ್ಯಾಹ್ನದ ಹೊತ್ತಿಗೆ ಟ್ರಾಮು, ಬಸ್ಸು ಎಲ್ಲ ನಿಂತುಹೋದವು. ಟ್ಯಾಕ್ಸಿ ಸಿಗುವುದೇ ಕಷ್ಟವಾಯಿತು. ಸಾಲದ್ದಕ್ಕೆ ಮಳೆ. ಏವ್ರಿಲ್ ಊಟ ಮುಗಿಸಿ ಒಳಗೇ ಇದ್ದಳು. ಕೆಳಗೆ ಗದ್ದಲ ಕೇಳಿ ಹಗ್ಗ ಹಿಡಿದು ಇಳಿದು ಬಂದಳು.

ಬಾಗಿಲಿಗೆ ಅಡ್ಡಲಾಗಿ ಮಾರ್ಲೀನ್. ಹೊಸ್ತಿಲಿನಾಚೆ ತೊಯ್ದು ತೊಪ್ಪೆಯಾದ ಕ್ಲೈವ್. ಅವನ ಹೆಗಲಿಗೆ ಜೋತುಬಿದ್ದ ರೋನಾ. ಬೆಳಿಗ್ಗೆ ಊರೊಳಕ್ಕೆ ಬಂದವರಿಗೆ ವಾಪಸು ಹೋಗಲು ದಾರಿಯಿರಲಿಲ್ಲ.

“ಇಲ್ಲಿ ಉಳ್ಕೊಂಡೋರು ಮಾತ್ರ ಒಳಗೆ. ನೀವು ಹೋದ್ರಲ್ಲ?” ಎನ್ನುತ್ತಿದ್ದಳು ಮಾರ್ಲೀನ್.

“ರೂಮಿಗೆ ದುಡ್ಡು ಕಿತ್ಕೊಂಡಿದೀಯಲ್ಲ ತಾಯಿ! ಅವಳು ಕೂತ್ಕೊಂಡ್ರೆ ಸಾಕು.”

“ಪಾರಿವಾಳದ ಗೂಡು ಅಂದೋರಿಗೆ ಕುರ್ಚಿ ಇಲ್ಲ.”

ಕ್ಲೈವ್ ಏವ್ರಿಲ್‌ಳನ್ನು ಕಂಡ. “ಹೇಳ್ರೀ ಇವಳಿಗೆ! ನಿಮ್ಮ ಜನ ಅಂತ ಹೇಳ್ರೀ!”

ಮಾರ್ಲೀನ್ ತಿರುಗಿದಳು. “ನಿಮ್ಮೋರಾ?”

ಏವ್ರಿಲ್ ಕೊನೆಯ ಮೆಟ್ಟಿಲ ಮೇಲೆ ನಿಂತು ಇಬ್ಬರನ್ನೂ ನೋಡಿದಳು. “ಅವಳು ನನ್ನೋಳು,” ಎಂದಳು. “ಅವನು ಅಲ್ಲ.”

ಮಾರ್ಲೀನ್ ರೋನಾಳ ಕೈ ಹಿಡಿದು ಒಳಗೆಳೆದುಕೊಂಡಳು. ಕ್ಲೈವ್‌ನ ಮುಖಕ್ಕೇ ಬಾಗಿಲು ಬಿತ್ತು. ಅವನು ಒಂದಿಷ್ಟು ಹೊತ್ತು ಗುದ್ದಿದ, ಬೈದ, ಆಮೇಲೆ ಎದುರಿನ ಬಿಯರ್ ಅಂಗಡಿಯ ಮಾಡಿನ ಕೆಳಗೆ ಹೋಗಿ ನಿಂತ.

ಮಾರ್ಲೀನ್ ರೋನಾಳನ್ನು ಕೆಳಗಿನ ಕೋಣೆಯಲ್ಲೇ ಮಲಗಿಸಿದಳು. ಅಗಲವಾದ ಮಂಚ, ಬೆಚ್ಚನೆಯ ಗೋಡೆ, ಪಕ್ಕದಲ್ಲೇ ಸ್ನಾನದ ಮನೆ. ಕಿಟಕಿಯಾಚೆ ಎರಡು ಕಸದ ಡಬ್ಬಿಗಳು, ಅವುಗಳ ಹಿಂದೆ ಹಣ್ಣು ಬಿಟ್ಟ ಒಂದು ಪೇರ್ ಮರ. ಏವ್ರಿಲ್ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಮಂಡಿಗೆ ಇಟ್ಟಳು.

ರೋನಾ ಸುತ್ತ ನೋಡಿದಳು. “ಇದನ್ನಾ ನೀನು ಬೇಡ ಅಂದಿದ್ದು?”

“ಹೊಳೆ ಕಾಣಲ್ಲ ಅಂತ.”

“ನನ್ನ ಮಂಡಿ ಕಾಣ್ಲಿಲ್ವಾ?”

ತಪ್ಪಾಯಿತು ಎಂಬ ಮಾತು ಏವ್ರಿಲ್‌ಳ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಹೊರಗಿನಿಂದ ಕ್ಲೈವ್ ಹೆಂಡತಿಯ ಹೆಸರು ಹಿಡಿದು ಅರಚಿದ. “ನೋಡು, ನಿನ್ನ ಲಿಫ್ಟು ಕರೀತಿದೆ,” ಎಂದುಬಿಟ್ಟಳು ಏವ್ರಿಲ್.

ರೋನಾ ಮಂಜುಗಡ್ಡೆಯ ಗಂಟನ್ನು ಕಿತ್ತು ಅಕ್ಕನ ಕೈಗೆ ಕೊಟ್ಟಳು. “ಅವನು ಒರಟ, ಒಪ್ತೀನಿ. ಆದ್ರೆ ನಿನ್ನೆ ನನ್ನ ಮಂಡಿ ನೋಡಿ ಲಿಫ್ಟ್ ಇರೋ ಕಡೆ ಕರ್ಕೊಂಡು ಹೋದೋನು ಅವನೇ. ನಿನಗೆ ಬೇಕಾಗಿದ್ದು ನಾನಲ್ಲ, ‘ಎಂಥಾ ಜಾಗ ಹುಡುಕಿದೀಯೇ ಅಕ್ಕ’ ಅನ್ನೋ ಒಂದು ಬಾಯಿ.”

ಟ್ಯಾಕ್ಸಿ ಸಿಗಲು ಸಂಜೆಯಾಯಿತು. ಅಲ್ಲಿಯವರೆಗೂ ರೋನಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಏವ್ರಿಲ್ ಅದೇ ಕೋಣೆಯಲ್ಲಿ ಕಸದ ಡಬ್ಬಿಗಳನ್ನು ನೋಡುತ್ತಾ ಕೂತಿದ್ದಳು. ಊರಿಗೆ ಬೇರೆ ಬೇರೆ ರೈಲಿನಲ್ಲಿ ಹಿಂದಿರುಗಿದರು. ಕ್ರಿಸ್‌ಮಸ್ಸಿಗೆ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ.

ಬೇಸಿಗೆಯಲ್ಲಿ ರೋನಾಳಿಂದ ಒಂದು ಸಂದೇಶ ಬಂತು. ಸೆವಿಲ್‌ಗೆ ಹೋಗುತ್ತಿದ್ದೇವೆ, ಊರೊಳಗೇ ಇರುವಂಥ, ತೀರಾ ದುಬಾರಿಯಲ್ಲದ ಸಣ್ಣ ಹೋಟೆಲ್ಲು ಯಾವುದಾದರೂ ಗೊತ್ತಾ, ಕೇಳುತ್ತಿರುವುದು ನಾನೇ, ಕ್ಲೈವ್‌ಗೆ ಗೊತ್ತಿಲ್ಲ ಎಂದು ಬರೆದಿದ್ದಳು. ಏವ್ರಿಲ್‌ಗೆ ಅಂಥವು ಮೂರು ಗೊತ್ತಿದ್ದವು. ಒಂದಕ್ಕೆ ನೆಲಮಹಡಿಯಲ್ಲೇ ಕೋಣೆ, ಅಂಗಳದಲ್ಲಿ ಕಿತ್ತಳೆ ಗಿಡ. ಟ್ಯಾಕ್ಸಿ ಆಫೀಸಿನಲ್ಲಿ ಎರಡು ಫೋನುಗಳು ಬಡಿದುಕೊಳ್ಳುತ್ತಿದ್ದವು; ಅವನ್ನು ಹಾಗೇ ಬಡಿದುಕೊಳ್ಳಲು ಬಿಟ್ಟು ಆ ಸಂದೇಶವನ್ನು ಮತ್ತೊಮ್ಮೆ ಓದಿದಳು.

‘ಕ್ಲೈವ್‌ನ ಕೇಳು’ ಎಂದು ಬರೆದು ಕಳಿಸಿದಳು.