ಒಬ್ಬರಿಗೊಂದು ಹೊಸ ಸೂಜಿ

ಒಗ್ಗರಣೆ ಘಮ್ಮೆಂದರೆ ಯಾರಿಗಾದರೂ ಹಸಿವಾಗುತ್ತದೆ. ರಾಯದುರ್ಗದ ದ್ರಾಕ್ಷಾಯಣಮ್ಮನಿಗೆ ಮಾತ್ರ ಹೊಟ್ಟೆ ತೊಳೆಸುತ್ತಿತ್ತು. ಜೀನ್ಸ್ ಪ್ಯಾಂಟು ಹೊಲಿದು ಸಂಸಾರ ತೂಗಿಸಿದ ಗಟ್ಟಿಗಿತ್ತಿ ಆಕೆ. ಎದೆಯ ಕ್ಯಾನ್ಸರಿಗೆ ಬಳ್ಳಾರಿಯಲ್ಲಿ ಮೂರು ಕೀಮೋ ಆಗಿತ್ತು. ಮೂರನೆಯದಾದ ಮೇಲೆ ಐದು ದಿನ ಒಂದೇ ಸಮನೆ ವಾಂತಿ. ಅಂದಿನಿಂದ ಆ ಮನೆಯಲ್ಲಿ ಒಗ್ಗರಣೆಯ ಸದ್ದೇ ಇಲ್ಲ.

ಸೋಮವಾರ ನಾಲ್ಕನೆಯ ಕೀಮೋ. "ಶಿವ ಕರೆದಾಗ ಹೋಗ್ತೀನಿ, ಬಳ್ಳಾರಿಗೆ ಮಾತ್ರ ಹೋಗಂಗಿಲ್ಲ," ಎಂದು ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು.

ಗಂಡ ಮರುಳಸಿದ್ದಪ್ಪ ಓಣಿಯ ನರ್ಸು ಸುಮಾಳನ್ನು ಕರೆತಂದ.

"ಅಕ್ಕಾ, ಗುಳಿಗೆ ತಗೊಂಡ್ರೂ ವಾಂತಿ ನಿಲ್ಲಲಿಲ್ಲ ಅಂತ ಡಾಕ್ಟರಿಗೆ ಹೇಳೀರೇನು?"

"ದೊಡ್ಡೋರ ಮುಂದ ಆ ಗೋಳು ಯಾಕವ್ವ?"

"ಹೇಳಿದ್ರ ಗುಳಿಗೆ ಬದಲಿ ಮಾಡ್ತಾರ. ಜೊತಿಗೆ ಆಕ್ಯುಪಂಕ್ಚರ್ ಅಂತ ಐತ್ರಿ. ಕೂದಲಿನಂಥ ಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೀತಾರ. ಕೆಲವರಿಗೆ ವಾಕರಿಕೆ ಕಡಿಮಿ ಆಗ್ತೈತಿ. ಎಲ್ಲರಿಗೂ ಅಂತ ಹೇಳಾಕ ಬರಂಗಿಲ್ಲ."

ಮರುಳಸಿದ್ದಪ್ಪನ ಮುಖ ಅರಳಿತು. "ಹಂಗಾದ್ರ ಕೀಮೋ ಬಿಟ್ಟು ಸೂಜೀನೇ ಹಾಕಿಸಿದ್ರಾತು!"

"ಅಣ್ಣಾ, ಗುಂಡಿ ಹಚ್ಚಿದ್ರ ಪ್ಯಾಂಟು ಹೊಲಿದಂಗಾತೇನ್ರಿ? ಗಡ್ಡೆಗೆ ಮದ್ದು ಕೀಮೋನೇ. ಸೂಜಿ ಅದನ್ನ ತಡಕೊಳ್ಳಾಕ ಆಸರೆ ಅಷ್ಟ."

ದ್ರಾಕ್ಷಾಯಣಮ್ಮ ಈ ಕಡೆ ಹೊರಳಿದಳು. ಸೂಜಿಯ ಮಾತು ಆಕೆಯ ಕಸುಬಿನ ಮಾತು. "ಆ ಸೂಜಿ ಎಷ್ಟು ಮಂದಿಗೆ ಚುಚ್ಚಿರ್ತಾರ? ನಮ್ಮತ್ತಿ ಸೂಜೀನ ಕೈಯಿಂದ ಕೈಗೆ ಕೊಡಾಕ ಬಿಡ್ತಿರಲಿಲ್ಲ, ಜಗಳ ಹತ್ತತೈತಿ ಅಂತ."

"ನಿಮ್ಮತ್ತಿ ನಡೆಸಿದ್ದೇ ಇಲ್ಲೂ ನಡೀಬೇಕ್ರಿ. ಒಬ್ಬರ ಸೂಜಿ ಇನ್ನೊಬ್ಬರಿಗೆ ಹೋಗಬಾರದು. ನಿಮ್ಮ ಕಣ್ಮುಂದ ಹೊಸ ಪಾಕೀಟು ಒಡೀಬೇಕು. ಅದಕ್ಕೂ ಮೊದಲು ಕ್ಯಾನ್ಸರ್ ಡಾಕ್ಟರು ರಕ್ತ ಪರೀಕ್ಷೆ ನೋಡಿ ಹೂಂ ಅನ್ನಬೇಕು. ರಕ್ತದ ಕಣ ಕಡಿಮಿ ಇದ್ರ ಬ್ಯಾಡ ಅಂತಾರ."

"ಹಂಗಾದ್ರ ಹೋಗ್ತೀನಿ, ಪಾಕೀಟು ಮಾತ್ರ ನಾನೇ ನೋಡ್ತೀನಿ," ಎಂದು ಆಕೆ ಎದ್ದು ಕೂತಳು. ಸೋಮವಾರ ಹಣೆಗೆ ವಿಭೂತಿ ಧರಿಸಿ ದ್ರಾಕ್ಷಾಯಣಮ್ಮ ಬಳ್ಳಾರಿಯ ಬಸ್ಸು ಹತ್ತಿದಳು. ಡಾಕ್ಟರ ಮುಂದೆ ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಅವರು ಗುಳಿಗೆ ಬದಲಿಸಿದರು, ರಕ್ತದ ವರದಿ ನೋಡಿ ಸೂಜಿಗೂ ಒಪ್ಪಿ, ತರಬೇತಿ ಪಡೆದವರ ಬಳಿ ಕಳಿಸಿದರು. "ತಡೀರಿ, ಪಾಕೀಟು ತೋರಿಸ್ರಿ," ಎಂದು ಅದರ ಅಂಚನ್ನು ಬೆರಳಿಂದ ಸವರಿ ನೋಡಿದ ಮೇಲೆಯೇ ಆಕೆ ಕೈ ಚಾಚಿದ್ದು. ಇರುವೆ ಕಚ್ಚಿದಷ್ಟೇ ನೋವು. ಅಂದೇ ನಾಲ್ಕನೆಯ ಕೀಮೋ ಕೂಡ ಆಯಿತು.

ಆ ಸಲ ವಾಂತಿ ಎರಡೇ ದಿನಕ್ಕೆ ನಿಂತಿತು. ಗುಳಿಗೆಯಿಂದಲೋ, ಸೂಜಿಯಿಂದಲೋ, ಎರಡೂ ಕೂಡಿಯೋ, ಶಿವನೇ ಬಲ್ಲ. ಮೂರನೆಯ ದಿನ ಒಲೆಯ ಮುಂದಿದ್ದ ಮರುಳಸಿದ್ದಪ್ಪನಿಗೆ ಒಳಕೋಣೆಯಿಂದ ಆಕೆಯ ದನಿ ಕೇಳಿತು:

"ಏನ್ರೀ, ಸಾರಿಗೆ ಒಗ್ಗರಣೆ ಹಾಕಂಗಿಲ್ಲೇನು? ತಿಂದು ಗಟ್ಟಿಯಾಗಬೇಕು. ಐದನೇದಕ್ಕ ಹೋಗೋದೈತಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸಂಕಟವಾದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರನ್ನು ಕೇಳಿಯೇ ಸೂಜಿಯ ಆಸರೆ ಪಡೆಯಿರಿ. ಕ್ಯಾನ್ಸರಿನ ಚಿಕಿತ್ಸೆಯನ್ನು ಮಾತ್ರ ನಡುವೆ ಕೈಬಿಡಬೇಡಿ.