ಎರಡು ಸೇರು ಹಳೆ ಚಿಂದಿ

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಇಂಡಿ ಊರಿನ ರಾಜಬಿಯನ್ನು ಕಂಡವರಲ್ಲ. ಅವಳಿಗೆ ಮಾತೂ ಚೆನ್ನಾಗಿ ಬರುತ್ತಿತ್ತು, ಜಗಳವೂ ಚೆನ್ನಾಗಿ ಬರುತ್ತಿತ್ತು. ಆ ಸೋಮವಾರ ಬೆಳಿಗ್ಗೆ ಅವಳು ಭೀಮಾತೀರ ಲಾರಿ ಸರ್ವಿಸ್ಸಿನ ಕಟ್ಟೆ ಹತ್ತಿದ್ದನ್ನು ನೋಡಿದ ಕೂಡಲೇ ಮ್ಯಾನೇಜರ್ ಗುರುಲಿಂಗಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಬಿಸಿ ಚಹಾ ಕೈಯಲ್ಲಿರುವಾಗ ಬೈಸಿಕೊಳ್ಳಬಾರದು ಎಂಬಷ್ಟು ಬುದ್ಧಿ ಅವನಿಗಿತ್ತು.

“ನನ್ನ ಗಂಟು ಸಿಕ್ಕಿತೇನ್ರಿ ಮ್ಯಾನೇಜರ್ರ?”

“ಇಲ್ಲ ಯಕ್ಕಾ. ಸಿಂದಗಿ ತನಕ ಲಾರ್‍ಯಾಗ ಇತ್ತಂತ. ಬಾಗೇವಾಡ್ಯಾಗ ನೋಡಿದ್ರ ಇಲ್ಲ. ನಮ್ಮ ಡ್ರೈವರ್ ಮಡಿವಾಳಪ್ಪ ಎರಡು ಸಲ ಹೋಗಿ ದಾರಿಗುಂಟ ಕೇಳ್ಕೊಂಡು ಬಂದಾನ. ಕಳದಂಗ ಅಂತ ತಿಳ್ಕೊಳ್ರಿ.”

ರಾಜಬಿ ಬಾಗಿಲಿನ ಚೌಕಟ್ಟು ಹಿಡಿದು ಅಲ್ಲೇ ಕುಕ್ಕರಿಸಿದಳು. ಗಂಟಿನಲ್ಲಿದ್ದದ್ದು ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಒಂದು ಕೂಸಿನ ಕೌದಿ. ಮಗಳು ಅಮೀನಾಬಿಗೆ ಮುದ್ದೇಬಿಹಾಳದ ಗಂಡನ ಮನೆಯಲ್ಲೇ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಬಾಣಂತನಕ್ಕೆ ಇಂಡಿಗೆ ಕರೆತರುವುದು ತಪ್ಪಿಹೋಗಿತ್ತು. ಚೊಚ್ಚಲ ಕೂಸು, ಹೆಣ್ಣು. ಮುಂದಿನ ವಾರ ಶುಕ್ರವಾರ ನಲವತ್ತು ದಿನ ತುಂಬಿ ತೊಟ್ಟಿಲಿಗೆ ಹಾಕುವವರಿದ್ದರು. ಆ ತೊಟ್ಟಿಲಲ್ಲಿ ಹಾಸಲು ತವರಿನ ಕೌದಿಯಿಲ್ಲದಿದ್ದರೆ ಮಗಳು ನಾಲ್ಕು ಜನರೆದುರು ತಲೆ ತಗ್ಗಿಸಬೇಕು. ತೊಟ್ಟಿಲಿನ ದಿನ ಬುತ್ತಿ, ಬಳೆ, ಕುಂಚಿಗೆ ಎಲ್ಲ ಹೊತ್ತು ಮೂರು ಬಸ್ಸು ಬದಲಿಸಬೇಕಲ್ಲ, ಕೌದಿಯೊಂದನ್ನಾದರೂ ಮುಂಚೆ ಕಳಿಸೋಣ ಎಂದು ಲಾರಿಗೆ ಹಾಕಿದ್ದೇ ತಪ್ಪಾಯಿತು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಕೌದಿ ಹೊದ್ದ ಕೂಸಿಗೆ ಆ ಬಟ್ಟೆ ಉಟ್ಟವರ ಗುಣ ಬರುತ್ತದೆಂದು ರಾಜಬಿಯ ಮನೆತನದವರು ನಂಬಿದ್ದರು. ಆದ್ದರಿಂದ ಅವಳು ಕೌದಿಯ ನಟ್ಟನಡುವೆ, ತೀರಿಹೋದ ಗಂಡ ಮೋದಿನಸಾಬನ ರುಮಾಲಿನ ತುಂಡು ಇಟ್ಟು ಹೊಲಿದಿದ್ದಳು. ಮೋದಿನಸಾಬ ಎಮ್ಮೆ ಒದ್ದರೆ ಎಮ್ಮೆಯ ಕಾಲಿಗೆ ನೋವಾಯಿತೇನೋ ಎಂದು ನೋಡುತ್ತಿದ್ದ ಮನುಷ್ಯ. ಅವನದೆಂದು ಉಳಿದಿದ್ದ ಬಟ್ಟೆ ಅದೊಂದೇ.

“ಹಂಗಾರ ನುಕ್ಸಾನಿ ತುಂಬಿ ಕೊಡ್ರಿ,” ಎಂದಳು.

ಗುರುಲಿಂಗಪ್ಪ ರಸೀದಿ ಪುಸ್ತಕ ತೆಗೆದು ಅವಳ ಮುಂದೆ ತಿರುಗಿಸಿದ. “ಬರಸಿದ್ದು ನೀವ ಅಲ್ಲೇನ್ರಿ? ‘ಹಳೆ ಚಿಂದಿ, ಎರಡು ಸೇರು, ಬೆಲೆ ಇಲ್ಲ.’ ಬೆಲೆ ಇಲ್ಲದ ಮಾಲಿಗೆ ನಾ ಏನಂತ ತುಂಬಿ ಕೊಡ್ಲಿ?”

ಹೌದು, ಬರೆಸಿದ್ದು ಅವಳೇ. ಹಸುಗೂಸಿನ ಸಾಮಾನನ್ನು ಚೆಂದ ಐತಿ, ಹೊಸದು ಐತಿ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ. ಕೂಸನ್ನೇ ಕರಿ ಮುಸುಡಿ ಎನ್ನುವ ಜನ, ಕೌದಿಯನ್ನು ಚಿಂದಿ ಎನ್ನದೆ ಬಿಡುತ್ತಾರೆಯೇ? ಗಂಟಿನಲ್ಲೇನಿದೆ ಎಂದು ಗುರುಲಿಂಗಪ್ಪ ಅಂದು ಕೇಳಿದಾಗ ಅವಳು ಕೈಯಾಡಿಸಿ, ಏನೂ ಇಲ್ಲ, ಹಳೆ ಚಿಂದಿ ಎಂದಿದ್ದಳು. ಅವನು ಹಾಗೆಯೇ ಬರೆದುಕೊಂಡಿದ್ದ. ದೃಷ್ಟಿಯ ಕಾಯ್ದೆಯೇ ಬೇರೆ, ಲಾರಿಯ ಕಾಯ್ದೆಯೇ ಬೇರೆ ಎಂದು ಅವಳಿಗೆ ಆಗ ಹೊಳೆದಿರಲಿಲ್ಲ.

ಅವಳ ಮುಖ ನೋಡಿ ಗುರುಲಿಂಗಪ್ಪನಿಗೂ ಕೆಡುಕೆನಿಸಿತು. ಅಂಗಿಯ ಕಿಸೆಯಿಂದ ಐದು ರೂಪಾಯಿ ತೆಗೆದು, “ಇದು ಕಂಪನೀದಲ್ಲ, ನಂದು. ಇಟ್ಕೊಳ್ರಿ ಯಕ್ಕಾ,” ಎಂದ.

ರಾಜಬಿ ಎದ್ದು ನಿಂತಳು. “ಭಿಕ್ಷಾ ಬೇಡಾಕ ಬಂದೇನೇನ್ರಿ? ನಿಮ್ಮ ಚೀಟಿ ಪ್ರಕಾರನ ಕೊಡ್ರಿ. ಎರಡು ಸೇರು ಹಳೆ ಚಿಂದಿ ಕಳದೀರಿ, ಎರಡು ಸೇರು ಹಳೆ ಚಿಂದಿ ಕೊಡ್ರಿ.”

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಗುರುಲಿಂಗಪ್ಪ ಖುಷಿಯಿಂದಲೇ ಮಡಿವಾಳಪ್ಪನನ್ನು ಕೂಗಿ, ಗೋಡೌನಿನಿಂದ ಒಂದು ಹೊರೆ ಚಿಂದಿ ತರಿಸಿದ. ಲಾರಿಯ ಇಂಜಿನ್ ಒರೆಸಿದ, ಎಣ್ಣೆ ಕುಡಿದು ಕಪ್ಪಾದ ಚಿಂದಿ.

“ಇವನ್ನ ಉಟ್ಟವರು ಯಾರು?” ಎಂದು ಕೇಳಿದಳು ರಾಜಬಿ.

“ಉಟ್ಟವರು ಯಾರಂತ ಯಾರಿಗೆ ಗೊತ್ತು?”

“ನಾ ಕೊಟ್ಟ ಚಿಂದಿಗೆ ಒಂದೊಂದಕ್ಕೂ ಹೆಸರಿತ್ತು. ಉಟ್ಟವರು ಯಾರು, ಎಂಥವರು ಅಂತ ಹೇಳಿ ಕೊಡ್ರಿ. ಅಲ್ಲೀತನಕ ನಾ ಈ ಕಟ್ಟಿ ಬಿಟ್ಟು ಇಳ್ಯಾಂಗಿಲ್ಲ.”

ಇಳಿಯಲೂ ಇಲ್ಲ. ಸೂಜಿ, ದಾರ, ಕತ್ತರಿ ತರಿಸಿಕೊಂಡು ಕಚೇರಿಯ ಕಟ್ಟೆಯ ಮೇಲೆ ಚಾಪೆ ಹಾಸಿಯೇ ಬಿಟ್ಟಳು. ನಿಂಬೆಹಣ್ಣಿನ ಬುಟ್ಟಿ ಕಳಿಸಲು ಬಂದ ಒಬ್ಬೊಬ್ಬರೂ ಏನು ಯಕ್ಕಾ ಇಲ್ಲಿ ಕೂತೀರಿ ಎಂದು ಕೇಳುವುದು, ಅವಳು ಮೊದಲಿಂದ ಕೊನೆಯವರೆಗೆ ಹೇಳುವುದು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ತಮ್ಮ ಬುಟ್ಟಿಗಳನ್ನು ಎತ್ತಿಕೊಂಡು ಎತ್ತಿನ ಬಂಡಿಯೇ ವಾಸಿ ಎಂದು ಹೊರಟರು. ಗುರುಲಿಂಗಪ್ಪ ಊಟಕ್ಕೆ ಮನೆಗೆ ಹೋದವನು ತಾಯಿ ಲಕ್ಕವ್ವನೆದುರು ಗೋಳು ಹೇಳಿಕೊಂಡ. ಹಾಗೆ ಮಾಡಬಾರದಿತ್ತು. ಎಂಬತ್ತು ದಾಟಿದ ಆ ಮುದುಕಿ ರೊಟ್ಟಿ ಬಿಟ್ಟು ಎದ್ದು, ಟ್ರಂಕು ತೆರೆದು, ಒಂದು ಇಳಕಲ್ ಸೀರೆ ಹೆಗಲಿಗೆ ಹಾಕಿಕೊಂಡು, ಕೋಲೂರಿಕೊಂಡು ಕಚೇರಿಗೆ ನಡೆದಳು.

“ತಗೋ ಯವ್ವಾ. ಇದನ್ನ ಉಟ್ಟು ಏಳು ಮಕ್ಕಳಿಗೆ ಮೊಲಿ ಕೊಟ್ಟೇನಿ. ಏಳೂ ಬದುಕ್ಯಾವ.”

ರಾಜಬಿ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. “ಮ್ಯಾನೇಜರ್ರ ಧೋತರದ್ದೂ ಒಂದು ತುಂಡು ಕೊಡ್ರಿ ಅಜ್ಜಿ.”

“ಬ್ಯಾಡ! ಅದನ್ನ ಹೊದ್ದ ಕೂಸು ಹಾಲು ಕೊಟ್ರೂ ರಸೀದಿ ಕೇಳ್ತೈತಿ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಗುರುಲಿಂಗಪ್ಪನಿಗೆ ಮಾತ್ರ ನಗು ಬರಲಿಲ್ಲ.

ಮಡಿವಾಳಪ್ಪ ಮರುದಿನ ತನ್ನ ಹಳೆಯ ಖಾಕಿ ಅಂಗಿ ತಂದ. ಇಪ್ಪತ್ತು ವರ್ಷ ಗಾಡಿ ಹೊಡೆದರೂ ಒಂದು ಕೋಳಿಯನ್ನೂ ತುಳಿಸಿದವನಲ್ಲ ಎಂದು ಹೇಳಿಕೊಂಡ. ರಾಜಬಿ ನಾಲ್ಕು ಜನರನ್ನು ವಿಚಾರಿಸಿ, ನಿಜವೆಂದು ತಿಳಿದ ಮೇಲೆಯೇ ಕತ್ತರಿ ಹಾಕಿದಳು. ಅವನು ದಾರಿಯ ಊರುಗಳಲ್ಲೂ ಸುದ್ದಿ ಹಬ್ಬಿಸಿದ. ಸಿಂದಗಿಯಿಂದ ಸಾಲಿ ಮಾಸ್ತರರೊಬ್ಬರ ಟೋಪಿ ಬಂತು. ಹೂವಿನ ಹಿಪ್ಪರಗಿಯಿಂದ ಸೂಲಗಿತ್ತಿಯೊಬ್ಬಳ ಕುಪ್ಪಸ ಬಂತು. ಬಾಗೇವಾಡಿಯ ಕಿರಾಣಿ ಅಂಗಡಿಯವನು ರೇಷ್ಮೆ ಅಂಚಿನ ಪಂಚೆಯನ್ನೇ ಕಳಿಸಿದ್ದ. ಅವನು ತಕ್ಕಡಿಯಲ್ಲಿ ಬೆರಳಾಡಿಸುತ್ತಾನೆಂದು ಮಡಿವಾಳಪ್ಪನ ಬಾಯಿಂದಲೇ ಹೊರಡಿಸಿಕೊಂಡು, ರಾಜಬಿ ಪಂಚೆಯನ್ನು ಮಡಚಿ ವಾಪಸು ಕಳಿಸಿದಳು.

ಎಂಟನೆಯ ದಿನ ಗುರುಲಿಂಗಪ್ಪ ಯಾರೂ ಇಲ್ಲದ ಹೊತ್ತು ನೋಡಿ ಒಂದು ತುಂಡು ಬಟ್ಟೆ ಹಿಡಿದುಕೊಂಡು ಬಂದು ನಿಂತ. “ಯಕ್ಕಾ, ನಂದೂ ಒಂದೀಟು...”

“ಕಾಲಿನ ಕಡೆ ಹಾಕ್ತೇನಿ,” ಎಂದಳು ರಾಜಬಿ. “ಕೂಸು ದೊಡ್ಡಾಕಿ ಆದಮ್ಯಾಲ ರಸೀದಿ ಬರ್ಸೂ ಮುಂದ ನೋಡಿ ಬರಸ್ತಾಳ, ನನ್ನಂಗಲ್ಲ.”

ಶುಕ್ರವಾರ ನಸುಕಿಗೆ ಮಡಿವಾಳಪ್ಪ ಅವಳನ್ನೂ ಅವಳ ಬುಟ್ಟಿಗಳನ್ನೂ ಲಾರಿಯ ಮುಂದಿನ ಸೀಟಿಗೆ ಹತ್ತಿಸಿಕೊಂಡ. ಕೌದಿಯ ಗಂಟು ಮುದ್ದೇಬಿಹಾಳ ಬರುವ ತನಕ ಅವಳ ತೊಡೆ ಬಿಟ್ಟು ಇಳಿಯಲಿಲ್ಲ. ದಾರಿಯುದ್ದಕ್ಕೂ ಅವಳು ನಗುತ್ತಲೇ ಇದ್ದಳು, ಮಡಿವಾಳಪ್ಪನ ಡ್ರೈವಿಂಗಿಗೆ ಬುದ್ಧಿ ಹೇಳುತ್ತಲೇ ಇದ್ದಳು.

ಅಳಿಯನ ಮನೆಯಲ್ಲಿ ಜನ ತುಂಬಿದ್ದರು. ಬೀಗತಿ ಜೈತುನಬಿ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಕೌದಿಯನ್ನು ಎಲ್ಲರೆದುರು ಬಿಡಿಸಿ ಹಾಸಿ, ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಯಾರದೆಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. ರಾಜಬಿ ಹೇಳಲಿಲ್ಲ. ಗಂಟು ಕಳೆದದ್ದು, ರಸೀದಿ, ಲಕ್ಕವ್ವ, ಖಾಕಿ ಅಂಗಿ, ಎಲ್ಲ ಹೇಳಿದಳು. ಬಂದವರು ಹೊಟ್ಟೆ ಹಿಡಿದು ನಕ್ಕರು. ನಗದೆ ಕೂತವಳು ಅಮೀನಾಬಿ ಒಬ್ಬಳೇ. ಅವಳ ಕಣ್ಣು ಕೌದಿಯ ನಡುವೆ ಅಂಗೈಯಗಲ ಖಾಲಿ ಉಳಿದ ಜಾಗದ ಮೇಲಿತ್ತು.

“ಅಪ್ಪಂದು ಎಲ್ಲೈತವ್ವಾ?”

ರಾಜಬಿ ಹನ್ನೊಂದು ದಿನ ತಡೆಹಿಡಿದಿದ್ದ ಅಳು ಒಮ್ಮೆಲೇ ನುಗ್ಗಿತು. “ಹೋತು ಮಗಳ,” ಎಂದಳು. “ನಿಮ್ಮಪ್ಪಂದು ಅಷ್ಟ ಉಳದಿತ್ತು. ಅದನ್ನ ಚಿಂದಿ ಅಂತ ಬರಸಿ ನಾನ ಕಳಕೊಂಡೆ. ಎಲ್ಲಾರದೂ ತಂದೆ. ಅಲ್ಲಿ ಮಾತ್ರ ಯಾರದೂ ಹಚ್ಚಾಕ ಕೈ ಬರಲಿಲ್ಲ.”

ಜೈತುನಬಿ ಕೌದಿಯನ್ನು ತಿರುವಿ ಮುರುವಿ ನೋಡಿದಳು.

“ಇಷ್ಟು ಮಂದೀದು ಐತಿ. ನಿಮ್ಮದ ಇಲ್ಲಲ್ರಿ ಬೀಗತಿ?”

“ಗಂಡ ಹೋದಾಕಿ ಬಟ್ಟಿ ಕೂಸಿನ ಮೈಗೆ ಹತ್ತಬಾರದ್ರಿ,” ಎಂದಳು ರಾಜಬಿ, ಕಣ್ಣೊರೆಸಿಕೊಳ್ಳುತ್ತ.

ಜೈತುನಬಿ ಒಳಗೆ ಹೋಗಿ ಕತ್ತರಿ ತಂದಳು. ರಾಜಬಿಯ ಸೆರಗು ಹಿಡಿದೆಳೆದು ಕರಕರನೆ ಅಂಗೈಯಗಲ ಕತ್ತರಿಸಿಯೇ ಬಿಟ್ಟಳು.

“ಅಯ್ಯ! ಉಟ್ಟ ಸೀರಿ ಐತ್ರಿ ಅದು!”

“ಉಟ್ಟದ್ದ ಬೇಕು ನಂಗ,” ಎಂದಳು ಜೈತುನಬಿ. “ಬೀಗರು ದೇವರಂಥವರು, ಇಲ್ಲ ಅನ್ನೂದಿಲ್ಲ. ಆದರ ಹೆಣ್ಣು ಕೂಸು ಇದು. ಒದ್ದ ಎಮ್ಮಿ ಕಾಲು ನೋಡೂ ಗುಣ ಇದಕ್ಕ ಸಾಲಾಂಗಿಲ್ಲ. ಎರಡು ಸೇರು ಚಿಂದಿಗೆ ಲಾರಿ ಕಂಪನೀನ ಮಣಿಸಿದಾಕಿ ಗುಣ ಬೇಕು. ಹೊಲೀರಿ ಜಲ್ದಿ, ಕೂಸು ಎದ್ದೈತಿ.”

ರಾಜಬಿ ಸೂಜಿ ತೆಗೆದಳು. ದಾರ ಎರಡು ಸಲ ಸೂಜಿಯ ಕಣ್ಣು ತಪ್ಪಿತು. ಅಮೀನಾಬಿ ಪೋಣಿಸಿ ಕೊಟ್ಟಳು. ಗಂಡನ ಜಾಗದಲ್ಲಿ ತನ್ನ ಸೆರಗಿನ ತುಂಡನ್ನಿಟ್ಟು, ನಾಲ್ಕೂ ಕಡೆ ಮಡಚಿ, ರಾಜಬಿ ಸಣ್ಣ ಸಣ್ಣ ಹೊಲಿಗೆ ಹಾಕತೊಡಗಿದಳು. ಹಸಿದ ಕೂಸು ಅಷ್ಟರಲ್ಲಿ ಓಣಿಗೆಲ್ಲ ಕೇಳುವಂತೆ ಕಿರುಚಲು ಶುರು ಮಾಡಿತ್ತು.